ಗುಜರಿಗೆ ರೆಸಿನ್ ಸುರಿದರೆ ಪರಿಸರ ಉಳಿಯುವುದಿಲ್ಲ

ಹಳೆಯ ಕೀಬೋರ್ಡು, ಸೈಕಲ್ ಚೈನು, ಔಷಧಿ ಬಾಟಲಿ, ಮುರಿದ ಗೊಂಬೆಯ ಕೈಕಾಲು ಎಲ್ಲವನ್ನೂ ಒಟ್ಟುಗೂಡಿಸಿ, ಮೇಲೆ ಗಾಜಿನಂತೆ ಕಾಣುವ ರೆಸಿನ್ ಸುರಿದು ಗಟ್ಟಿ ಮಾಡಿದ ಶಿಲ್ಪವೊಂದನ್ನು ಪ್ರದರ್ಶನಕ್ಕೆ ಇಟ್ಟರೆ ಮರುದಿನ ಅದರ ಬಗ್ಗೆ ಏನು ಬರೆಯುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತು. ‘ಕಸದಿಂದ ರಸ’, ‘ತ್ಯಾಜ್ಯಕ್ಕೆ ಮರುಜೀವ’, ‘ಪರಿಸರ ಕಾಳಜಿಯ ಕಲಾವಿದ’. ಉದ್ಘಾಟನೆಗೆ ಬಂದ ಗಣ್ಯರು ಇದನ್ನೇ ಹೇಳುತ್ತಾರೆ. ಕ್ಯಾಟಲಾಗಿನ ಮುನ್ನುಡಿಯಲ್ಲೂ ಇದೇ ಇರುತ್ತದೆ. ಶಾಲೆಯ ಕ್ರಾಫ್ಟ್ ಟೀಚರು ಮಕ್ಕಳಿಗೆ ಕಲಿಸುವುದೂ ಇದನ್ನೇ. ಈ ಹೊಗಳಿಕೆಯನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ. ವಸ್ತುವಿನ ಲೆಕ್ಕದಲ್ಲಿ ನೋಡಿದರೆ ಅದು ಸುಳ್ಳು. ಕಲೆಯ ಲೆಕ್ಕದಲ್ಲಿ ನೋಡಿದರೆ ಅದಕ್ಕಿಂತ ಕೆಟ್ಟದ್ದು, ಶಿಲ್ಪವನ್ನು ನೋಡುವ ಕೆಲಸವನ್ನೇ ಅದು ತಪ್ಪಿಸುತ್ತದೆ.

ಮೊದಲು ವಸ್ತುವಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಮ್ಮ ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಡಬ್ಬದ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಅದರಲ್ಲಿ ಬೆರೆತಿರುವ ಸ್ಟೈರೀನಿನದು. ಬೇಕಾದಷ್ಟು ರೆಸಿನನ್ನು ಮಗ್ಗಿಗೆ ಸುರಿದುಕೊಂಡು, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ ಸೇರಿಸುತ್ತಾರೆ. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾರ್ಡನರ್ ನೂರಕ್ಕೆ ಒಂದೆರಡು ಪಾಲು ಸಾಕು. ಸ್ವಲ್ಪ ಹೊತ್ತಿನಲ್ಲಿ ಮಗ್ಗು ಬೆಚ್ಚಗಾಗುತ್ತದೆ, ಒಳಗಿನ ದ್ರವ ಜೆಲ್ಲಿಯಂತಾಗುತ್ತದೆ, ಬರಬರುತ್ತಾ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಒಂದೇ ಸಲ ದಪ್ಪಗೆ ಸುರಿದರೆ ಆ ಶಾಖಕ್ಕೆ ಒಳಗೊಳಗೇ ಬಿರುಕು ಬಿಡುತ್ತದೆ. ಎಪಾಕ್ಸಿಗೆ ವಾಸನೆ ಕಡಿಮೆ, ಅದಕ್ಕೇ ಅದು ಮನೆಯೊಳಗೂ ಬಂದಿದೆ. ಆದರೆ ಬರಿಗೈಯಲ್ಲಿ ಅದರೊಂದಿಗೆ ಕೆಲಸ ಮಾಡುತ್ತ ಹೋದವರಿಗೆ ಚರ್ಮದ ಅಲರ್ಜಿ ಅಂಟಿಕೊಳ್ಳುವುದುಂಟು, ಅಂಟಿಕೊಂಡರೆ ಮತ್ತೆ ಬಿಡುವುದು ಕಷ್ಟ.

ಎರಡೂ ಬಗೆಯ ರೆಸಿನ್ನಿಗೆ ಸಮಾನವಾದ ಗುಣವೊಂದಿದೆ. ಒಮ್ಮೆ ಗಟ್ಟಿಯಾದ ಮೇಲೆ ಅವು ಮತ್ತೆ ಕರಗುವುದಿಲ್ಲ. ಕಂಚು ಕರಗುತ್ತದೆ, ಮೇಣ ಕರಗುತ್ತದೆ, ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಕರಗುತ್ತದೆ. ರೆಸಿನ್ನಿನಲ್ಲಿ ಅಣುಗಳು ಒಂದಕ್ಕೊಂದು ಹೆಣೆದುಕೊಂಡುಬಿಟ್ಟಿರುವುದರಿಂದ ಕಾಯಿಸಿದರೆ ಅದು ಸುಟ್ಟು ಕರಿಯಾಗುತ್ತದೆ, ಹೊಗೆಯಾಡುತ್ತದೆ, ದ್ರವವಂತೂ ಆಗುವುದಿಲ್ಲ. ಹಾಗಾಗಿ ಅದರ ಹೊಟ್ಟೆಯಲ್ಲಿ ಸೇರಿದ್ದು ಹೊರಗೆ ಬರುವ ದಾರಿಯೂ ಮುಚ್ಚಿದಂತೆ.

ಈಗ ಆ ಹೊಟ್ಟೆಯೊಳಗೆ ನಾವು ಏನನ್ನು ಹಾಕುತ್ತಿದ್ದೇವೆ ನೋಡಿ. ತಾಮ್ರದ ತಂತಿ ಗುಜರಿ ಅಂಗಡಿಗೆ ಹೋದರೆ ಕರಗಿ ಮತ್ತೆ ತಾಮ್ರವಾಗುತ್ತದೆ. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟರಲ್ಲೇ ಹಳೆಯ ಪಾತ್ರೆ ಮರಳಿ ಅಲ್ಯೂಮಿನಿಯಂ ಆಗುತ್ತದೆ. ಬಾಟಲಿಗಳು ಚೂರಾಗಿ, ತೊಳೆದು, ನೂಲಾಗುತ್ತವೆ. ಬೆಂಗಳೂರಿನ ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ ಬಣ್ಣವಾಗಿ, ಜಾತಿ ಜಾತಿಯಾಗಿ ಬೇರ್ಪಡಿಸಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಗಾಡಿಯ ಒಂದೊಂದು ಬೋಲ್ಟನ್ನೂ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಮಾರಾಟಕ್ಕೆ ಇಡುತ್ತಾರೆ. ನಮ್ಮ ದೇಶದಲ್ಲಿ ಕಬ್ಬಿಣ, ತಾಮ್ರ, ಹಿತ್ತಾಳೆ ಸುಮ್ಮನೆ ಕಸವಾಗಿ ಬಿದ್ದಿರುವುದು ಬಲು ಅಪರೂಪ. ಯಾರೋ ಆಯುತ್ತಾರೆ, ಯಾರೋ ತೂಗುತ್ತಾರೆ, ಯಾರೋ ಕರಗಿಸುತ್ತಾರೆ. ಅವರ ಕೈಗೆ ಹೋಗಬೇಕಾದ ವಸ್ತುವನ್ನು ಕೊಂಡು ತಂದು, ಎಂದೂ ಬಿಡಿಸಲಾಗದ ರಾಸಾಯನಿಕದಲ್ಲಿ ಮುಳುಗಿಸಿ, ಅದಕ್ಕೆ ಮರುಜೀವ ಎಂದು ಹೆಸರಿಡುವುದು ನಾಚಿಕೆಗೇಡು. ಮರುಜೀವ ಕೊಡುವ ಕೆಲಸವನ್ನು ಚಿಂದಿ ಆಯುವವರು ದಿನವೂ ಮಾಡುತ್ತಿದ್ದಾರೆ. ಅವರ ಫೋಟೊವನ್ನು ಯಾರೂ ಕ್ಯಾಟಲಾಗಿನಲ್ಲಿ ಹಾಕುವುದಿಲ್ಲ.

ಮದುವೆಯ ಹಾರವನ್ನು ರೆಸಿನ್ನಿನಲ್ಲಿ ಹಾಕಿಸಿ ಗೋಡೆಗೆ ನೇತುಹಾಕುವ ಹೊಸ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಊರಿನ ಕಡೆ ಪೂಜೆಯ ಹೂವನ್ನು ತೆಂಗಿನ ಮರದ ಬುಡಕ್ಕೋ ಹರಿಯುವ ನೀರಿಗೋ ಹಾಕುತ್ತಿದ್ದರು, ಅದು ಮಣ್ಣಾಗುತ್ತಿತ್ತು. ಈಗ ಆ ಹೂವನ್ನು ಒಣಗಿಸಿ ಎಪಾಕ್ಸಿಯ ಹಲಗೆಯೊಳಗೆ ಹೂಳುತ್ತಾರೆ. ಬಿಸಿಲು ಬೀಳುವ ಗೋಡೆಯಾದರೆ ಕೆಲವೇ ವರ್ಷಗಳಲ್ಲಿ ಹಲಗೆ ಹಳದಿ ತಿರುಗುತ್ತದೆ, ಹೂವು ಕಂದುತ್ತದೆ. ಆಮೇಲೆ ಅದನ್ನು ಎಸೆಯುವುದು ಎಲ್ಲಿಗೆ? ಹಸಿ ಕಸಕ್ಕೂ ಸೇರದು, ಒಣ ಕಸದವರಿಗೂ ಬೇಡ. ಡಬ್ಬದ ಮೇಲೆ ‘ಬಯೋ’ ಎಂದು ಬರೆದ ಎಪಾಕ್ಸಿಯೂ ಇದೆ. ಅದರಲ್ಲಿ ಒಂದಿಷ್ಟು ಅಂಶ ಸಸ್ಯಮೂಲದ್ದು ಇರಬಹುದು. ಗಟ್ಟಿಯಾದ ಮೇಲೆ ಅದೂ ಸಾಮಾನ್ಯವಾಗಿ ಹೀಗೇ, ಕರಗುವುದೂ ಇಲ್ಲ, ಕೊಳೆಯುವುದೂ ಇಲ್ಲ.

‘ಹೋಗಲಿ, ಜನರಲ್ಲಿ ಅರಿವಾದರೂ ಮೂಡುತ್ತದಲ್ಲ’ ಎನ್ನುವವರಿದ್ದಾರೆ. ಈ ವಾದವನ್ನು ಸುಮ್ಮನೆ ಬಿಡುವಂತಿಲ್ಲ, ಏಕೆಂದರೆ ಪಾಲಿಕೆಗಳೂ ಕಂಪನಿಗಳೂ ಹಣ ಸುರಿಯುತ್ತಿರುವುದು ಇದರ ಬಲದ ಮೇಲೆಯೇ. 2019ರಲ್ಲಿ ದಿಲ್ಲಿಯಲ್ಲಿ ‘ವೇಸ್ಟ್ ಟು ವಂಡರ್’ ಎಂಬ ಪಾರ್ಕು ತೆರೆಯಿತು. ಸುಮಾರು 150 ಟನ್ ಗುಜರಿಯಿಂದ ತಾಜ್ ಮಹಲ್, ಐಫೆಲ್ ಗೋಪುರ, ಪಿರಮಿಡ್ ಮುಂತಾದ ಏಳು ಅದ್ಭುತಗಳ ಪ್ರತಿಕೃತಿ ಮಾಡಿ ನಿಲ್ಲಿಸಿದ್ದಾರೆ. ಜನ ಟಿಕೆಟ್ ಕೊಂಡು ಹೋಗುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಲ್ಲಿ ರೆಸಿನ್ನಿಗಿಂತ ವೆಲ್ಡಿಂಗ್ ಹೆಚ್ಚು, ಕಬ್ಬಿಣವನ್ನು ಮುಂದೊಂದು ದಿನ ಬಿಚ್ಚಿ ಕರಗಿಸಬಹುದು, ಅಷ್ಟು ಒಳ್ಳೆಯದು. ಆದರೆ ಅದನ್ನು ನೋಡಿ ಬಂದವರಿಗೆ ಕಸದ ಬಗ್ಗೆ ತಿಳಿದದ್ದೇನು? ಆ ಪೈಪು ಯಾವ ಕಾರ್ಖಾನೆಯದು, ಆ ಗಾಡಿಯ ಬಿಡಿಭಾಗ ಯಾರ ಕೈಯಲ್ಲಿ ಸವೆದದ್ದು, ಒಂದೂ ಗೊತ್ತಾಗುವುದಿಲ್ಲ. ದೂರದಿಂದ ತಾಜ್ ಮಹಲ್ ಕಂಡರೆ ಸಾಕು, ಹತ್ತಿರ ಹೋದಾಗ ‘ಅಯ್ಯೋ, ಸ್ಪ್ಯಾನರ್ ನೋಡು’ ಎಂದು ಬೆರಗಾದರೆ ಸಾಕು. ಸಿಗುವುದು ಕೈಚಳಕದ ಖುಷಿ. ಕಸ ಹುಟ್ಟಿಸುವವರು ಯಾರು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಹುಟ್ಟದಿರಲಿ ಎಂದೇ ಕಂಪನಿಗಳು ತಮ್ಮ ಸಿಎಸ್‌ಆರ್ ಹಣವನ್ನು ಇಂಥ ಶಿಲ್ಪಗಳಿಗೆ ಕೊಡುತ್ತವೆ ಎಂದು ನನಗೆ ಅನಿಸುತ್ತದೆ. ಕಡಲತೀರದಲ್ಲಿ ಬಾಟಲಿ ತುಂಬಿದ ಮೀನಿನ ಶಿಲ್ಪ ನಿಲ್ಲಿಸಿದರೆ ತಪ್ಪೆಲ್ಲ ಬಾಟಲಿ ಎಸೆದ ಪ್ರವಾಸಿಯದಾಗುತ್ತದೆ. ಬಾಟಲಿ ತಯಾರಿಸಿದವರ ಸುದ್ದಿಯೇ ಬರುವುದಿಲ್ಲ.

ಕಲೆಯ ಲೆಕ್ಕಕ್ಕೆ ಬರುತ್ತೇನೆ. ನನಗೆ ಹೆಚ್ಚು ನೋವಾಗುವುದು ಇಲ್ಲೇ.

ಸಿಕ್ಕಿದ ವಸ್ತುಗಳಿಂದ ಶಿಲ್ಪ ಮಾಡುವುದು ನಿನ್ನೆ ಮೊನ್ನೆ ಹುಟ್ಟಿದ ಪರಿಸರ ಚಳವಳಿಯಲ್ಲ. 1942ರಲ್ಲಿ, ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಪಿಕಾಸೊ ಸೈಕಲ್ಲಿನ ಒಂದು ಸೀಟನ್ನೂ ಒಂದು ಹ್ಯಾಂಡಲ್ಲನ್ನೂ ಜೋಡಿಸಿ ಗೂಳಿಯ ತಲೆ ಮಾಡಿದ. ಅದರಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಎರಡು ವಸ್ತುಗಳ ನಡುವಿನ ಸಂಬಂಧ. ಸೀಟು ಸೀಟಾಗಿಯೂ ಕಾಣುತ್ತದೆ, ಗೂಳಿಯ ಮುಖವಾಗಿಯೂ ಕಾಣುತ್ತದೆ. ರಾಮಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದಲ್ಲಿ ‘ಸಂಥಾಲ್ ಕುಟುಂಬ’ ಮಾಡಿದ್ದು ಸಿಮೆಂಟು ಮತ್ತು ಅಲ್ಲೇ ಸಿಗುವ ಮುರಕಲ್ಲಿನ ಹರಳುಗಳಿಂದ. ಕಂಚಿಗೆ ಹಣವಿರಲಿಲ್ಲ ಎಂಬುದು ನಿಜ. ಆದರೆ ಆ ಒರಟು ಮೈ ಇಲ್ಲದೆ ಆ ಶಿಲ್ಪವೇ ಇಲ್ಲ. ಸಾಮಾನು ಹೊತ್ತು ನಡೆಯುವ ಆ ಗಂಡ, ಹೆಂಡತಿ, ಮಗು, ಜೊತೆಯ ನಾಯಿ, ಎಲ್ಲವೂ ಅವರು ನಡೆಯುವ ನೆಲದಿಂದಲೇ ಎದ್ದು ಬಂದಿವೆ. ಅಗ್ಗದ ಹರಳು ಬಳಸಿ ಕಂಚು ಉಳಿಸಿದರು ಎಂದು ರಾಮಕಿಂಕರರನ್ನು ಯಾರಾದರೂ ಹೊಗಳಿದರೆ ಅದು ಅವರಿಗೆ ಮಾಡುವ ಅವಮಾನ.

ನಮ್ಮ ಕಾಲದ ಕಲಾವಿದರಿಗೆ ನಾವು ಮಾಡುತ್ತಿರುವುದು ಇದೇ ಅವಮಾನವನ್ನು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಯನ್ನೇ ನೋಡಿ. 2009ರ ವೆನಿಸ್ ಬಿಯೆನಾಲೆಯಲ್ಲಿ ಅದನ್ನು ತೋರಿಸಿದರು. ಇರುವುದು ಎರಡೇ ವಸ್ತು: ಕಾರಿನ ಸ್ಟೀಲ್ ಬಂಪರ್‌ಗಳು, ಮನುಷ್ಯರ ಕೂದಲನ್ನು ಹೊಸೆದು ಮಾಡಿದ ಹಗ್ಗ. ಹಗ್ಗದ ಉದ್ದ ಸುಮಾರು 4,000 ಮೀಟರ್, ಬಂಪರ್‌ಗಳು 20. ಕೂದಲ ಹಗ್ಗ ಗೋಡೆಯಿಂದ ಇಳಿಬಿದ್ದು, ನೆಲದ ಮೇಲೆ ರಾಶಿಯಾಗಿ ಸುತ್ತಿಕೊಂಡು, ಹೊಳೆಯುವ ಬಂಪರ್‌ಗಳನ್ನು ಅಲ್ಲಲ್ಲಿ ಎತ್ತಿ ಹಿಡಿದಿರುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೃಷ್ಟಿ ತಾಗದಿರಲಿ ಎಂದು ಲಾರಿಗೆ, ಟ್ಯಾಕ್ಸಿಗೆ, ಹೊಸ ಗಾಡಿಗೆ ಕಟ್ಟುವ ಕರಿ ಹಗ್ಗ ಅದು. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಉದ್ದ ಕೂದಲು ವಿಗ್ ವ್ಯಾಪಾರಕ್ಕೆ ಹೋಗುತ್ತದೆ, ಮೋಟು ಕೂದಲು ಇಂಥ ಹಗ್ಗವಾಗುತ್ತದೆ. ಹರಕೆ ಹೊತ್ತ ಯಾರದೋ ತಲೆಯ ಕೂದಲು ಇನ್ಯಾರದೋ ಗಾಡಿಯನ್ನು ಕಾಯುತ್ತದೆ. ಭಯ, ಭಕ್ತಿ, ವ್ಯಾಪಾರ, ದೇಹ, ಯಂತ್ರ ಎಲ್ಲವೂ ಆ ಒಂದು ಹಗ್ಗದಲ್ಲಿವೆ. ಅದಕ್ಕೆ ರೆಸಿನ್ ಸುರಿದು ಹೊಳಪು ಕೊಟ್ಟಿದ್ದರೆ ಏನಾಗುತ್ತಿತ್ತು? ಕೂದಲಿನ ಹಗುರ, ಮುಟ್ಟಲು ಆಗುವ ಅಳುಕು, ಹಗ್ಗ ಭಾರಕ್ಕೆ ಬಿಗಿಯುವ ಪರಿ ಎಲ್ಲ ಹೋಗಿ ಬರೀ ಕಪ್ಪು ಗೆರೆಗಳು ಉಳಿಯುತ್ತಿದ್ದವು.

ಶೀಲಾ ಅವರ ‘ಡಾರ್ಕ್‌ರೂಮ್’ ರಸ್ತೆಗೆ ಟಾರು ಹಾಕುವವರ ಡ್ರಮ್ಮುಗಳಿಂದ ಕಟ್ಟಿದ್ದು. ರಸ್ತೆ ಕೆಲಸದವರು ಖಾಲಿ ಡ್ರಮ್ಮನ್ನು ಸೀಳಿ, ತಟ್ಟಿ ತಗಡು ಮಾಡಿ, ತಮ್ಮ ಬಿಡಾರಕ್ಕೆ ಗೋಡೆಯನ್ನೋ ಮಾಡನ್ನೋ ಮಾಡಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಆ ತಗಡಿನ ಗೂಡಿನೊಳಗೆ ಬಗ್ಗಿ ನುಗ್ಗಬೇಕು. ಕೋಟೇಶ್ವರದ ಎಲ್.ಎನ್. ತಲ್ಲೂರ್ ಅವರ ‘ಕ್ರೊಮಾಟೊಫೋಬಿಯ’ದಲ್ಲಿ ಮರದ ದಿಮ್ಮಿಗೆ ನಾಣ್ಯವನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರು ನೋಡಲು ಬಂದವರೇ. ನಾಣ್ಯ ಅಲ್ಲಿ ಅಲಂಕಾರಕ್ಕೆ ಬಂದಿಲ್ಲ, ಹೊಡೆಯುವವನ ಆಸೆಯನ್ನೂ ಅಂಜಿಕೆಯನ್ನೂ ಹೊತ್ತು ಬಂದಿದೆ. ಇವರ ಕೃತಿಗಳ ಮುಂದೆ ನಿಂತು ‘ಕಸದಿಂದ ರಸ’ ಎಂದರೆ ಆ ಎಲ್ಲ ಬದುಕನ್ನೂ ಒಂದೇ ಏಟಿಗೆ ಕಸ ಎಂದು ಕರೆದಂತೆ. ಕೂದಲು ಕೊಟ್ಟವರಿಗೆ ಅದು ಕಸವಲ್ಲ. ಡ್ರಮ್ಮಿನ ತಗಡಿನ ಕೆಳಗೆ ಮಲಗುವವರಿಗೆ ಅದು ಮನೆ.

ನೇಕ್ ಚಂದ್ ಅವರ ಹೆಸರನ್ನು ಎಲ್ಲರೂ ಈ ಚರ್ಚೆಯಲ್ಲಿ ತರುತ್ತಾರೆ. ಚಂಡೀಗಢದ ರಾಕ್ ಗಾರ್ಡನ್ ತ್ಯಾಜ್ಯ ನಿರ್ವಹಣೆಯ ಮಾದರಿ ಎಂದು ಪಠ್ಯಪುಸ್ತಕದ ಧಾಟಿಯಲ್ಲಿ ಹೇಳುತ್ತಾರೆ. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ಅವರು ವರ್ಷಗಟ್ಟಲೆ ಗುಟ್ಟಾಗಿ, ಅನುಮತಿಯಿಲ್ಲದ ಕಾಡಿನ ಜಾಗದಲ್ಲಿ, ಒಡೆದ ಬಳೆ, ಪಿಂಗಾಣಿ, ವಿದ್ಯುತ್ ಪ್ಲಗ್ಗುಗಳಿಂದ ಮನುಷ್ಯರನ್ನೂ ಪ್ರಾಣಿಗಳನ್ನೂ ಮಾಡುತ್ತ ಹೋದರು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ವಿಭಜನೆಯಲ್ಲಿ ಊರು ಬಿಟ್ಟು ಬಂದಿದ್ದ ಮನುಷ್ಯ ಅವರು. ಹೊಸ ರಾಜಧಾನಿ ಕಟ್ಟಲೆಂದು ಕೆಡವಿದ ಹಳ್ಳಿಗಳ ಅವಶೇಷ ಅವರ ಕೈಗೆ ಬಂತು. ನೆಲಸಮವಾದ ಮನೆಗಳ ಚೂರುಗಳಿಂದ ಇನ್ನೊಂದು ಜನಸಮೂಹವನ್ನೇ ಅವರು ಎಬ್ಬಿಸಿ ನಿಲ್ಲಿಸಿದರು. ಇದನ್ನು ನೋಡಿ ‘ರೀಸೈಕ್ಲಿಂಗ್’ ಎನ್ನುವವರಿಗೆ ಆ ಬಳೆಗಳನ್ನು ತೊಟ್ಟ ಕೈಗಳು ಕಾಣಲೇ ಇಲ್ಲ.

ಹಾಗಾದರೆ ರೆಸಿನ್ನೇ ಬೇಡವೇ? ಹಾಗೆ ಹೇಳುವವನು ನಾನಲ್ಲ. ರೆಸಿನ್ನಿಗೆ ಅದರದೇ ಆದ ಮೈ ಇದೆ, ಬೆಳಕನ್ನು ಒಳಗೆ ಬಿಟ್ಟುಕೊಂಡು ಹಿಡಿದಿಟ್ಟುಕೊಳ್ಳುವ, ಮನುಷ್ಯರ ಚರ್ಮಕ್ಕೆ ತೀರ ಹತ್ತಿರ ಬರುವ ಮೈ. ಅದನ್ನು ಅರಿತು ಬಳಸಿದವರಿದ್ದಾರೆ. ಪೋಲೆಂಡಿನ ಅಲೀನಾ ಶಾಪೊಚ್ನಿಕೋವ್ ಹುಡುಗಿಯಾಗಿದ್ದಾಗ ನಾತ್ಸಿ ಯಾತನಾ ಶಿಬಿರಗಳನ್ನು ದಾಟಿ ಬದುಕಿ ಬಂದವರು. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಬಾಯಿ, ತುಟಿ, ಸ್ತನಗಳ ಅಚ್ಚು ತೆಗೆದು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಎರಕ ಹೊಯ್ದು, ಒಳಗೆ ಬಲ್ಬ್ ಇಟ್ಟು ದೀಪಗಳನ್ನು ಮಾಡಿದರು. ಸ್ತನ ಕ್ಯಾನ್ಸರ್ ಬಂದ ಮೇಲೆ ಪತ್ರಿಕೆಯ ಹಾಳೆ, ಬ್ಯಾಂಡೇಜಿನ ಬಟ್ಟೆ, ಭಾವಚಿತ್ರಗಳನ್ನು ಮುದ್ದೆ ಮಾಡಿ ರೆಸಿನ್ನಿನಲ್ಲಿ ಅದ್ದಿ ಗಡ್ಡೆಗಳ ಸರಣಿಯನ್ನೇ ಮಾಡಿದರು. 1973ರಲ್ಲಿ ತೀರಿಕೊಂಡರು. ನಮ್ಮ ಪ್ರದರ್ಶನಗಳಲ್ಲಿ ಕಾಣುವುದೂ ಇದೇ ಸಾಮಗ್ರಿ, ರೆಸಿನ್ ಮತ್ತು ಸಿಕ್ಕಿದ ವಸ್ತು. ಆದರೆ ಶಾಪೊಚ್ನಿಕೋವ್ ಕೃತಿಯಲ್ಲಿ ರೆಸಿನ್ ಮೆರುಗೆಣ್ಣೆಯ ಕೆಲಸ ಮಾಡುವುದಿಲ್ಲ. ಅದು ಮಾಂಸವಾಗಿದೆ. ಮಸುಕಾಗಿದೆ, ಹಳದಿಯಾಗಿದೆ, ಒಳಗಿನ ಮುಖಗಳನ್ನು ಅರ್ಧ ತೋರಿಸಿ ಅರ್ಧ ನುಂಗುತ್ತದೆ. ಮೈಯೊಳಗೆ ಬೆಳೆಯುವ ಗಡ್ಡೆಗೆ ಬೇರೆ ಯಾವ ವಸ್ತುವೂ ಹೀಗೆ ಒದಗುತ್ತಿರಲಿಲ್ಲ.

ಅಮೆರಿಕದ ಈವಾ ಹೆಸ್ ಲೇಟೆಕ್ಸ್, ಫೈಬರ್‌ಗ್ಲಾಸ್, ರೆಸಿನ್‌ಗಳಲ್ಲಿ ಕೆಲಸ ಮಾಡಿ 1970ರಲ್ಲಿ, 34ನೇ ವಯಸ್ಸಿಗೇ ತೀರಿಕೊಂಡರು. ತಾನು ಬಳಸುವ ವಸ್ತು ಬಾಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಲೇಟೆಕ್ಸ್ ಇಂದು ಸೆಟೆದು ಕಂದಿದೆ, ರೆಸಿನ್ ಹಳದಿಯಾಗಿದೆ, ಮ್ಯೂಸಿಯಂನವರು ಅವನ್ನು ಉಳಿಸಿಕೊಳ್ಳಲು ಹೆಣಗುತ್ತಿದ್ದಾರೆ. ರೆಸಿನ್ ಎಂದರೆ ಶಾಶ್ವತ ಎಂದು ಮಾರುವವರು ಇದನ್ನು ಗಮನಿಸಬೇಕು. ಅದು ಮಣ್ಣಿಗೆ ಸೇರದಷ್ಟು ಹಟಮಾರಿ, ನಿಜ. ಅಂದ ಉಳಿಸಿಕೊಳ್ಳುವಷ್ಟು ಗಟ್ಟಿಯಲ್ಲ.

ಇನ್ನೊಂದು ವಿಷಯವನ್ನು ಈ ಪರಿಸರದ ಹೊಗಳಿಕೆ ಮುಚ್ಚಿಡುತ್ತದೆ, ಅದು ಉಸಿರಾಟದ ವಿಷಯ. ಫ್ರಾನ್ಸಿನ ನಿಕಿ ದ ಸಾಂ ಫಾಲ್ ಪಾಲಿಯೆಸ್ಟರಿನ ಹೊಗೆ, ದೂಳಿನಿಂದ ಶ್ವಾಸಕೋಶ ಕೆಡಿಸಿಕೊಂಡು ದಶಕಗಳ ಕಾಲ ನರಳಿದರು. ಜೀವಂತ ಮನುಷ್ಯರೇ ನಿಂತಂತಿರುವ ಫೈಬರ್ (ಗಾಜಿನ ನಾರು ಸೇರಿಸಿದ ರೆಸಿನ್) ಮೂರ್ತಿಗಳನ್ನು ಮಾಡಿದ ಅಮೆರಿಕದ ಡ್ವೇನ್ ಹ್ಯಾನ್ಸನ್ ಕ್ಯಾನ್ಸರಿನಿಂದ 1996ರಲ್ಲಿ ತೀರಿಕೊಂಡರು. ರೆಸಿನ್ನಿನ ಆವಿಯೇ ಕಾರಣ ಎಂಬ ಮಾತು ಅವರ ವಿಷಯದಲ್ಲಿ ಆಗಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸ್ಟೈರೀನನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅವರಿಬ್ಬರೂ ಹೆಸರಾದ ಕಲಾವಿದರು, ಆದ್ದರಿಂದ ಅವರ ಕಾಯಿಲೆ ದಾಖಲಾಯಿತು. ನಮ್ಮಲ್ಲಿ ಗಾಜಿನ ನಾರಿನ ಮ್ಯಾಟ್ ಹಾಸಿ ಬ್ರಷ್ಷಿನಲ್ಲಿ ರೆಸಿನ್ ಬಳಿಯುವವನು, ಗಟ್ಟಿಯಾದ ಮೇಲೆ ಗ್ರೈಂಡರ್ ಹಿಡಿದು ಅಂಚು ಉಜ್ಜುವವನು ದಿನಗೂಲಿಯ ಹುಡುಗ. ಮುಖಕ್ಕೆ ಕಟ್ಟಿಕೊಂಡಿರುವುದು ಒಂದು ಕರ್ಚೀಫು, ಹೆಚ್ಚೆಂದರೆ ಕೊರೊನಾ ಕಾಲದ ಮಾಸ್ಕು. ಅದು ದೂಳನ್ನು ಒಂದಿಷ್ಟು ತಡೆದೀತು, ಸ್ಟೈರೀನಿನ ಆವಿಯನ್ನು ತಡೆಯಲಾರದು. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಗಾಳಿಯಾಡುವ ಜಾಗ ಬೇಕು. ಸಂಜೆ ಮನೆಗೆ ಹೋದಾಗ ಗಾಜಿನ ನಾರು ಚುಚ್ಚಿದ ಅವನ ಮುಂಗೈ ಕೆರೆಯುತ್ತಲೇ ಇರುತ್ತದೆ. ಅವನ ಮೈ ಪರಿಸರಕ್ಕೆ ಸೇರಿದ್ದಲ್ಲವೇ?

ಈ ಹೊಗಳಿಕೆಯ ಎದುರು ತುದಿಯನ್ನೂ ಹೇಳಬೇಕು. 2023ರಲ್ಲಿ ಉದ್ಘಾಟನೆಯಾದ ಕಾರ್ಕಳದ ಉಮಿಕಲ್ ಬೆಟ್ಟದ ಪರಶುರಾಮ ಮೂರ್ತಿ ಕಂಚಿನದೋ ಫೈಬರಿನದೋ ಎಂದು ದೊಡ್ಡ ವಿವಾದವೇ ನಡೆಯಿತು. ಆ ವಿವಾದದ ಸತ್ಯಾಸತ್ಯ ಕಾನೂನಿಗೆ ಬಿಟ್ಟದ್ದು. ನನ್ನ ಗಮನ ಸೆಳೆದದ್ದು ಆ ಜಗಳದಲ್ಲಿ ‘ಫೈಬರ್’ ಎಂಬುದು ಬೈಗುಳವಾಗಿ ಬಳಕೆಯಾದ ರೀತಿ. ಕಂಚು ಎಂದು ದುಡ್ಡು ಕೊಟ್ಟರೆ ಕಂಚೇ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೂರ್ತಿ ಶಿಲ್ಪವಾಗಿ ಹೇಗಿದೆ, ಆ ಬೆಟ್ಟಕ್ಕೆ ಹೊಂದುತ್ತದೆಯೇ, ನಿಲುವಿನಲ್ಲಿ ಜೀವವಿದೆಯೇ ಎಂಬುದರ ಬಗ್ಗೆ ಚರ್ಚೆ ನನ್ನ ಕಿವಿಗಂತೂ ಬೀಳಲಿಲ್ಲ. ಬೆಟ್ಟದ ಮೇಲೆ ಫೈಬರ್ ಎಂದರೆ ಮೋಸ, ಗ್ಯಾಲರಿಯೊಳಗೆ ಫೈಬರ್ ಮತ್ತು ಗುಜರಿ ಎಂದರೆ ಪುಣ್ಯ. ಎರಡೂ ಕಡೆ ತೂಗುತ್ತಿರುವುದು ಸಾಮಗ್ರಿಯನ್ನು. ರೂಪವನ್ನು ನೋಡುವ ಕಣ್ಣು ಎರಡೂ ಕಡೆ ಮುಚ್ಚಿದೆ.

ಯುವ ಶಿಲ್ಪಿಗಳಿಗೆ ಇದರಿಂದ ಆಗುತ್ತಿರುವ ನಷ್ಟ ದೊಡ್ಡದು. ಕಲಾಶಾಲೆ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಕಲ್ಲು ಕೊಳ್ಳಲು, ಕಂಚು ಎರೆಯಲು ಹಣವಿಲ್ಲ. ಅವರು ಗುಜರಿಗೂ ರೆಸಿನ್ನಿಗೂ ಬರುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇರುವುದು ಅವರ ಕೃತಿ ಸಡಿಲವಾಗಿದ್ದರೂ ‘ಒಳ್ಳೆಯ ಸಂದೇಶವಿದೆ’ ಎಂದು ಬೆನ್ನು ತಟ್ಟುವ ನಮ್ಮಲ್ಲಿ. ಜೋಡಣೆ ಕೆಟ್ಟಿದೆ, ಈ ಕೀಬೋರ್ಡ್ ಇಲ್ಲಿ ಏಕೆ ಬಂತು, ರೆಸಿನ್ ಇಲ್ಲದಿದ್ದರೆ ಇದು ಇನ್ನೂ ಗಟ್ಟಿ ಕೃತಿಯಾಗುತ್ತಿತ್ತು ಎಂದು ಹೇಳುವವರೇ ಇಲ್ಲವಾದರೆ ಅವರು ಬೆಳೆಯುವುದು ಹೇಗೆ? ಸಂದೇಶಕ್ಕೆ ಅಂಕ ಕೊಡುವ ಪರೀಕ್ಷಕರು ಶಿಲ್ಪಿಯನ್ನು ಕೊಲ್ಲುತ್ತಾರೆ.

ಪ್ರದರ್ಶನ ಏರ್ಪಡಿಸುವವರಲ್ಲಿ ನನ್ನದೊಂದು ಕೋರಿಕೆ. ಶಿಲ್ಪದ ಪಕ್ಕ ಅಂಟಿಸುವ ಚೀಟಿಯಲ್ಲಿ ‘ಮಿಶ್ರ ಮಾಧ್ಯಮ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾವ ರೆಸಿನ್, ಎಷ್ಟು ಕಿಲೋ, ಒಳಗಿರುವ ವಸ್ತುಗಳು ಎಲ್ಲಿಂದ ಬಂದವು, ಎರಕ ಹೊಯ್ದವರು ಮತ್ತು ಉಜ್ಜಿದವರು ಯಾರು ಎಂದು ಬರೆಯಿರಿ. ಪಾಲಿಕೆಗಳು ಗುಜರಿ ಶಿಲ್ಪಕ್ಕೆ ಇಡುವ ಹಣವನ್ನು ಪರಿಸರದ ಖಾತೆಯಿಂದ ತೆಗೆದು ಕಲೆಯ ಖಾತೆಗೆ ಹಾಕಲಿ. ಪರಿಸರದ ಹಣ ಕಸ ಬೇರ್ಪಡಿಸುವವರ ಗ್ಲೌಸಿಗೆ, ಮಾಸ್ಕಿಗೆ, ಸಂಬಳಕ್ಕೆ ಹೋಗಲಿ. ನೋಡಲು ಹೋಗುವ ನೀವೂ ಇಂಥ ಶಿಲ್ಪದ ಮುಂದೆ ನಿಂತಾಗ ಇದರಲ್ಲಿ ಎಷ್ಟು ಕಸ ಸೇರಿದೆ ಎಂದು ಕೇಳಬೇಡಿ. ಈ ವಸ್ತು ಇಲ್ಲಿ ಏಕಿದೆ ಎಂದು ಕಲಾವಿದರನ್ನು ನೇರವಾಗಿ ಕೇಳಿ. ಉತ್ತರ ಸಿಗದಿದ್ದರೆ ಮುಲಾಜಿಲ್ಲದೆ ಮುಂದಿನ ಕೃತಿಗೆ ಹೋಗಿ.